ನಕ್ಷೆಯಲ್ಲಿ ಹೆಸರು ಕಂಡ ಮಾತ್ರಕ್ಕೆ ಅವರು ನಿಮ್ಮ ಮುತ್ತಜ್ಜ ಆಗುವುದಿಲ್ಲ

ವಂಶವೃಕ್ಷ ಬರೆಯುತ್ತಿರುವ ಎಲ್ಲರಿಗೂ, ಹಳೆಯ ನಕ್ಷೆ-ದಾಖಲೆಗಳನ್ನು ಕಾಯುತ್ತಿರುವ ಪತ್ರಾಗಾರಗಳ ಅಧಿಕಾರಿಗಳಿಗೂ,

ನಮಸ್ಕಾರ.

ಹಳೆಯ ಭೂನಕ್ಷೆಗಳು ಈಗ ಮನೆಯಲ್ಲಿ ಕೂತಲ್ಲೇ ನೋಡಲು ಸಿಗುತ್ತವೆ. ಅದು ಸಂತೋಷದ ವಿಷಯವೇ. ಆದರೆ ಅದರ ಬೆನ್ನಿಗೇ ಒಂದು ಅವಸರವೂ ಬಂದಿದೆ. ನಕ್ಷೆಯ ಯಾವುದೋ ತುಂಡು ನೆಲದ ಮೇಲೆ ಮನೆತನದ ಹೆಸರು ಕಂಡಿತೆನ್ನಿ, ಆ ಹೆಸರಿನವರು ಮುತ್ತಜ್ಜ ಆಗಿಬಿಡುತ್ತಾರೆ, ಆ ಜಾಗ ಮೂಲಸ್ಥಾನ ಆಗಿಬಿಡುತ್ತದೆ, ಮೂಲೆಯಲ್ಲಿ ಅಚ್ಚಾದ ಇಸವಿ ಅವರು ಬದುಕಿದ್ದ ಇಸವಿ ಆಗಿಬಿಡುತ್ತದೆ. ಒಬ್ಬರು ಬರೆದದ್ದನ್ನು ಇನ್ನೊಬ್ಬರು ಎತ್ತಿಕೊಳ್ಳುತ್ತಾರೆ. ನಾಲ್ಕನೆಯವರ ಕೈಗೆ ಬರುವಷ್ಟರಲ್ಲಿ ಅದು 'ದಾಖಲೆ ಇರುವ ಸಂಗತಿ'. ಬೇರೆಯವರ ವಂಶಾವಳಿಗಳನ್ನು ತಿದ್ದಿಕೊಡುವ ಕೆಲಸದಲ್ಲಿ ಇದನ್ನು ನೋಡಿ ನೋಡಿ ಸಾಕಾಗಿ ಈ ಪತ್ರ ಬರೆಯುತ್ತಿದ್ದೇನೆ.

ಭೂದಾಖಲೆಯನ್ನು ನಂಬಬೇಡಿ ಎನ್ನುವುದು ನನ್ನ ಮಾತಲ್ಲ. ಹುಟ್ಟು-ಸಾವಿನ ನೋಂದಣಿ ಇಲ್ಲದ ಕಾಲದಲ್ಲಿ ಸಾಮಾನ್ಯ ರೈತನೊಬ್ಬನ ಹೆಸರನ್ನು ಬರೆದಿಟ್ಟವರೆಂದರೆ ಹೆಚ್ಚಾಗಿ ತೆರಿಗೆಯವರೇ. ನನ್ನ ಮಾತು ಇಷ್ಟೇ: ಯಾವ ನಕ್ಷೆಯೂ ನಿಮ್ಮ ವಂಶಾವಳಿಗೆಂದು ಹುಟ್ಟಿಲ್ಲ. ಯಾರೋ ದುಡ್ಡು ಕೊಟ್ಟು, ತಮ್ಮದೊಂದು ಕೆಲಸಕ್ಕೆ ಅದನ್ನು ಮಾಡಿಸಿದ್ದಾರೆ. ಆ ಕೆಲಸಕ್ಕೆ ಬೇಕಾದದ್ದರಲ್ಲಿ ಅದು ಜಾಗರೂಕ, ಉಳಿದದ್ದರಲ್ಲಿ ಉದಾಸೀನ. ಆದ್ದರಿಂದ 'ಈ ನಕ್ಷೆಯನ್ನು ನಂಬಬಹುದೇ' ಎಂಬ ಪ್ರಶ್ನೆಗೆ ಉತ್ತರವೇ ಇಲ್ಲ. 'ಯಾವ ವಿಷಯಕ್ಕೆ ನಂಬಬಹುದು' ಎಂದು ಕೇಳಿದರೆ ಉತ್ತರ ಸಿಗುತ್ತದೆ.

1650ರ ದಶಕದಲ್ಲಿ ಐರ್ಲೆಂಡಿನಲ್ಲಿ ವಿಲಿಯಂ ಪೆಟ್ಟಿ ಮಾಡಿಸಿದ ಡೌನ್ ಸರ್ವೆಯನ್ನೇ ನೋಡಿ. ಇಂಗ್ಲೆಂಡಿನ ಸೇನಾನಾಯಕ ಕ್ರಾಮ್‌ವೆಲ್ ಅಲ್ಲಿ ನಡೆಸಿದ ಯುದ್ಧದ ನಂತರ ಕ್ಯಾಥೊಲಿಕರಿಂದ ಕಿತ್ತುಕೊಂಡ ಜಮೀನನ್ನು ಸೈನಿಕರಿಗೂ, ಯುದ್ಧಕ್ಕೆ ಹಣ ಹಾಕಿದವರಿಗೂ ಹಂಚುವುದಕ್ಕೆ ಮಾಡಿದ ಅಳತೆ ಅದು. ಹೀಗಾಗಿ ಮುಟ್ಟುಗೋಲಾದ ನೆಲ ವಿವರವಾಗಿದೆ. ಪ್ರೊಟೆಸ್ಟಂಟರ ಕೈಯಲ್ಲೇ ಉಳಿದ ನೆಲ ಬಹಳ ಕಡೆ ಖಾಲಿ. ಆ ಖಾಲಿ ಜಾಗವನ್ನು ನೋಡಿ 'ಆಗ ಇಲ್ಲಿ ಯಾರೂ ಇರಲಿಲ್ಲ' ಎಂದು ಬರೆದರೆ ಹೇಗೆ? ಇನ್ನೊಂದು ತೊಡಕು ಎಕರೆಯದ್ದು. ಅಲ್ಲಿನ ಐರಿಷ್ ಎಕರೆ 7,840 ಚದರ ಗಜ, ಇಂಗ್ಲಿಷ್ ಎಕರೆ 4,840. ಹಳೆಯ ಲೆಕ್ಕದ 100 ಎಕರೆ ಹೊಸ ಲೆಕ್ಕದಲ್ಲಿ ಸುಮಾರು 162 ಆಗುತ್ತದೆ. ಎರಡು ದಾಖಲೆಗಳನ್ನು ಪಕ್ಕದಲ್ಲಿಟ್ಟುಕೊಂಡು 'ಮೊಮ್ಮಗನ ಕಾಲಕ್ಕೆ ಆಸ್ತಿ ಒಂದೂವರೆ ಪಟ್ಟಿಗಿಂತ ಹೆಚ್ಚಾಯಿತು' ಎಂದು ಹೆಮ್ಮೆಪಡುವ ಮನೆತನದವರು ಒಂದು ಗೇಣು ನೆಲವನ್ನೂ ಕೊಂಡಿರಲಿಕ್ಕಿಲ್ಲ.

ನಕ್ಷೆ ಕೆಟ್ಟದ್ದಾಗಿದ್ದು, ದಾಖಲೆ ಒಳ್ಳೆಯದಾಗಿರುವುದೂ ಉಂಟು. ಇದನ್ನು ತಿಳಿಯದವರೇ ಹೆಚ್ಚು, ಹಾಗಾಗಿ ಸ್ವಲ್ಪ ನಿಂತು ಹೇಳುತ್ತೇನೆ. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಬೆಳೆಯ ಹತ್ತನೇ ಒಂದು ಪಾಲನ್ನು ಚರ್ಚಿಗೆ ಕೊಡುವ ಪದ್ಧತಿಯನ್ನು ಹಣದ ಪಾವತಿಗೆ ಬದಲಿಸಲು 1836ರಲ್ಲಿ ಕಾಯ್ದೆ ಬಂತು. ಅದಕ್ಕಾಗಿ ಪ್ಯಾರಿಷ್‌ಗಳ, ಅಂದರೆ ಒಂದೊಂದು ಚರ್ಚಿಗೆ ಸೇರಿದ ಪ್ರದೇಶಗಳ, ನಕ್ಷೆ ಬೇಕಾಯಿತು. ರಾಯಲ್ ಎಂಜಿನಿಯರ್ಸ್‌ನ ಡಾಸನ್ ಎಂಬ ಅಧಿಕಾರಿ ಎಲ್ಲ ಕಡೆಯೂ ಒಂದೇ ಗುಣಮಟ್ಟದ ದೊಡ್ಡ ಅಳತೆಯ ನಕ್ಷೆ ಮಾಡಿಸಬೇಕೆಂದು ಸೂಚಿಸಿದ್ದರು. ಖರ್ಚು ಮಾತ್ರ ಭೂಮಾಲೀಕರ ತಲೆಗೆ ಬಂದಿತ್ತು. ಅವರು ಸುಮ್ಮನಿರುತ್ತಾರೆಯೇ? ಮರುವರ್ಷವೇ ನಿಯಮ ಸಡಿಲವಾಯಿತು, ಮನೆಯಲ್ಲಿದ್ದ ಹಳೆಯ ನಕ್ಷೆಯನ್ನು ನಕಲು ಮಾಡಿ ಒಪ್ಪಿಸಿದರೂ ನಡೆಯಿತು. ಕೊನೆಗೆ ಈ ಕೆಲಸ ನೋಡಿಕೊಳ್ಳುತ್ತಿದ್ದ ಕಮಿಷನರುಗಳು 'ಅಳತೆ ನಿಖರ' ಎಂದು ಮೊಹರು ಹಾಕಿ ಒಪ್ಪಿದ ಮೊದಲ ದರ್ಜೆಯ ನಕ್ಷೆಗಳು ಒಟ್ಟಿನಲ್ಲಿ ಸುಮಾರು ಆರರಲ್ಲಿ ಒಂದು ಪಾಲು ಮಾತ್ರ.

ಹಾಗಾದರೆ ಉಳಿದ ಐದು ಪಾಲು ಕಸವೇ? ಅಲ್ಲ. ನಕ್ಷೆಯ ಜೊತೆಗೊಂದು ಪಟ್ಟಿ ಇರುತ್ತದೆ. ಹೊಲದ ನಂಬರು, ಒಡೆಯ ಯಾರು, ಅನುಭೋಗದಲ್ಲಿರುವವರು ಯಾರು, ಹೊಲದ ಹೆಸರೇನು, ಉಳುಮೆಯೋ ಹುಲ್ಲುಗಾವಲೋ, ವಿಸ್ತೀರ್ಣ ಎಷ್ಟು, ಹಣ ಎಷ್ಟು, ಎಲ್ಲ ಅದರಲ್ಲಿದೆ. ಯಾರು ದುಡ್ಡು ಕೊಡಬೇಕು ಎಂಬುದೇ ಆ ಕೆಲಸದ ತಿರುಳು. ಕೊಡುವವನೂ ಪಡೆಯುವವನೂ ಎದುರುಬದುರು ಕೂತು ಒಪ್ಪಬೇಕಾದ ಪಟ್ಟಿಯಲ್ಲಿ ಹೆಸರು ತಪ್ಪಿದರೆ ಇಬ್ಬರಲ್ಲಿ ಒಬ್ಬರಾದರೂ ಜಗಳ ತೆಗೆಯುತ್ತಿದ್ದರು. ಆದ್ದರಿಂದ ಎರಡನೇ ದರ್ಜೆಯ ನಕ್ಷೆಯ ಮೇಲೆ ಅಳತೆಪಟ್ಟಿ ಇಟ್ಟು ಬೇಲಿ ಎಲ್ಲಿತ್ತು ಎಂದು ಹುಡುಕಬೇಡಿ, ಆದರೆ ಅದರ ಪಟ್ಟಿಯಲ್ಲಿನ ಹೆಸರನ್ನು ಗೌರವದಿಂದ ಓದಿ. ಹಾಗೆ ಓದುವಾಗಲೂ ಒಡೆಯನ ಕಲಂ ಬೇರೆ, ಅನುಭೋಗದಾರನ ಕಲಂ ಬೇರೆ ಎಂಬುದು ಲಕ್ಷ್ಯದಲ್ಲಿರಲಿ. ಗುಡಿಸಲಲ್ಲಿ ಬಾಡಿಗೆಗಿದ್ದ ಕೂಲಿಯವರ ಹೆಸರು ಎರಡರಲ್ಲೂ ಸಿಗದೆ ಹೋಗಬಹುದು. ಈ ತೆರಿಗೆಯಿಂದ ಮೊದಲೇ ಬಿಡುಗಡೆ ಪಡೆದಿದ್ದ ನೆಲಕ್ಕೆ ಅನೇಕ ಕಡೆ ನಕ್ಷೆಯೂ ಇಲ್ಲ, ಪಟ್ಟಿಯೂ ಇಲ್ಲ.

ಅಮೆರಿಕದಲ್ಲಿ 19ನೇ ಶತಮಾನದ ಉತ್ತರಾರ್ಧದಲ್ಲಿ ಜೋರಾಗಿ ಮಾರಾಟವಾದ ಕೌಂಟಿ ಅಟ್ಲಾಸ್‌ಗಳದ್ದು ಇನ್ನೊಂದು ಕಥೆ. ಮನೆಮನೆಗೆ ಏಜೆಂಟರು ಹೋಗಿ ಚಂದಾ ಎತ್ತಿ ಅಚ್ಚು ಹಾಕಿದ ಖಾಸಗಿ ವ್ಯಾಪಾರ ಅದು. ಹೆಚ್ಚು ಹಣ ಕೊಟ್ಟವರ ಮನೆಯ ಚಿತ್ರ, ಅವರದ್ದೊಂದು ಭಾವಚಿತ್ರ, ನಾಲ್ಕು ಸಾಲು ಜೀವನಚರಿತ್ರೆ ಕೂಡ ಅದರಲ್ಲಿ ಬರುತ್ತಿತ್ತು. ಆ ಜೀವನಚರಿತ್ರೆಗಳಲ್ಲಿ ಜಿಪುಣನೊಬ್ಬನೂ ಸಿಗುವುದಿಲ್ಲ ಎಂದರೆ ಆಶ್ಚರ್ಯವೇನು? ಹಾಗೆಂದು ಅವು ನಿಷ್ಪ್ರಯೋಜಕವಲ್ಲ: ಊರವರೇ ಕೊಳ್ಳುವವರಾದ್ದರಿಂದ ಅಕ್ಕಪಕ್ಕದ ಹೆಸರುಗಳು ತೀರಾ ತಪ್ಪಿದ್ದರೆ ಮಾಲು ಮಾರಾಟವಾಗುತ್ತಿರಲಿಲ್ಲ. ಆದರೆ ಹೊಲದ ಮೇಲೆ ಹೆಸರಿರುವವನು ಅಲ್ಲೇ ವಾಸವಿದ್ದನೋ, ದೂರದ ಪಟ್ಟಣದಲ್ಲಿದ್ದ ಮಾಲೀಕನೋ ಎಂಬುದನ್ನು ನಕ್ಷೆಯೊಂದೇ ಹೇಳಲಾರದು. ಅದಕ್ಕೆ ಜನಗಣತಿಯನ್ನೋ ತೆರಿಗೆ ಪಟ್ಟಿಯನ್ನೋ ತೆರೆಯಲೇಬೇಕು. ಸರ್ಕಾರಿ ಸರ್ವೆ ಎಂದ ಕೂಡಲೇ ಕೈಮುಗಿಯುವವರಿಗೂ ಒಂದು ಮಾತು. ಅದೇ ಶತಮಾನದಲ್ಲಿ ಕ್ಯಾಲಿಫೋರ್ನಿಯಾ ಕಡೆಯ ಜಾನ್ ಬೆನ್ಸನ್ ಎಂಬ ಸರ್ವೇಯರನ ಕೂಟ, ಅಳೆಯದ ನೆಲವನ್ನು ಅಳೆದಂತೆ ಪುಸ್ತಕ ಬರೆದು ಸರ್ಕಾರದಿಂದ ಹಣ ಪಡೆದಿತ್ತು.

ಸುಳ್ಳು ದಾಖಲೆಯ ಮಾತು ಬಂತಲ್ಲ, ಶಾಸನ ಓದುವವರಿಗೆ ಇದು ಹೊಸದೇನಲ್ಲ. ಪಶ್ಚಿಮ ಗಂಗರ ಹೆಸರಿನ ಎಷ್ಟೋ ತಾಮ್ರಪಟಗಳು ಕೂಟ ಶಾಸನಗಳು, ಅಂದರೆ ಖೋಟಾ, ಎಂದು ಶಾಸನತಜ್ಞ ಜೆ. ಎಫ್. ಫ್ಲೀಟ್ ವಾದಿಸಿದರು, ಇನ್ನೊಬ್ಬ ಶಾಸನತಜ್ಞ ಬಿ. ಎಲ್. ರೈಸ್ ಅವುಗಳ ಪರ ನಿಂತರು. ಶಾಸನ ತನ್ನದೆಂದು ಹೇಳಿಕೊಳ್ಳುವ ಕಾಲಕ್ಕೂ ಅದರ ಲಿಪಿಯ ಕಾಲಕ್ಕೂ ತಾಳೆಯಾಗದಿರುವುದು ಆ ಜಗಳದ ಒಂದು ಮುಖ್ಯ ಎಳೆ. ಭೂಮಿಯ ಹಕ್ಕು ಹಳೆಯದಾದಷ್ಟೂ ಗಟ್ಟಿ ಎಂಬ ನಂಬಿಕೆ ಇರುವ ಕಡೆಯೆಲ್ಲ ಹಕ್ಕನ್ನು ಹಳೆಯದು ಮಾಡುವ ಕೈಗಳೂ ಇರುತ್ತವೆ.

ವಂಶಾವಳಿಗೂ ಇದೇ ಕಾಯಿಲೆ ತಗಲುತ್ತದೆ ಎಂಬುದೇ ನಮಗೆ ಮುಖ್ಯ. ಮುಂಬೈ ಪ್ರಾಂತ್ಯದಲ್ಲಿ 1852ರ ಕಾಯ್ದೆಯ ಕೆಳಗೆ ಇನಾಂ ಜಮೀನುಗಳ ವಿಚಾರಣೆ ನಡೆದಾಗ ಎದ್ದ ಪ್ರಶ್ನೆಗಳಲ್ಲಿ ಒಂದು, ಈಗ ಅನುಭವಿಸುತ್ತಿರುವವರು ಮೂಲ ದತ್ತಿ ಪಡೆದವನ ಸಂತತಿಯೇ ಎಂಬುದು. ಇಂಥ ವಿಚಾರಣೆಗೆ ಒಪ್ಪಿಸಿದ ವಂಶಾವಳಿ ಸಿಕ್ಕರೆ ಯಾರಿಗೆ ತಾನೇ ಖುಷಿಯಾಗದು? ಐದಾರು ತಲೆಮಾರು ಒಂದೇ ಹಾಳೆಯಲ್ಲಿ! ಆದರೆ ಅದನ್ನು ಬರೆಸಿದವನಿಗೆ ಆ ಹಾಳೆಯಿಂದ ಜಮೀನು ಉಳಿಯಬೇಕಿತ್ತು. ದತ್ತುಮಗ ಮಗನಾಗಿರಬಹುದು, ಹೆಣ್ಣುಮಕ್ಕಳು ಕಾಣೆಯಾಗಿರಬಹುದು, ದಾಯಾದಿಯ ಕವಲೊಂದು ಕತ್ತರಿಸಿಹೋಗಿರಬಹುದು. ಬರೆಸಿದವನು ಕಣ್ಣಾರೆ ಕಂಡ ತಂದೆ, ಅಜ್ಜನ ಮಟ್ಟಿಗೆ ಅದು ಬಲವಾದ ಸಾಕ್ಷಿ. ಅದರಾಚೆಗೆ ಅದು ಅವನು ಕೇಳಿದ್ದು, ಇಲ್ಲವೇ ಅವನಿಗೆ ಬೇಕಾಗಿದ್ದದ್ದು. ಎದುರು ಕಕ್ಷಿಯ ತಕರಾರು ಅರ್ಜಿ ಅದೇ ಕಡತದಲ್ಲಿದ್ದರೆ ಮೊದಲು ಅದನ್ನು ಓದಿ; ದಾಯಾದಿಗಿಂತ ದೊಡ್ಡ ಪರೀಕ್ಷಕ ಇಲ್ಲ.

ಇನ್ನು ಹೆಸರು ಮತ್ತು ತೇದಿ. ಎಡವುವವರಲ್ಲಿ ಹೆಚ್ಚಿನವರು ಎಡವುವುದು ಇಲ್ಲೇ. ಮೊಮ್ಮಗನಿಗೆ ಅಜ್ಜನ ಹೆಸರಿಡುವ ರೂಢಿ ಎಷ್ಟೋ ಸಮಾಜಗಳಲ್ಲಿದೆ. ನಮ್ಮ ಹಳೆಯ ಕಾಗದಗಳಲ್ಲಿ ಹಲವು ಕಡೆ ಇಸವಿ ಇರುವುದಿಲ್ಲ, ಸಂವತ್ಸರದ ಹೆಸರಷ್ಟೇ ಇರುತ್ತದೆ, ಅದು 60 ವರ್ಷಕ್ಕೊಮ್ಮೆ ಮರಳುತ್ತದೆ. 'ಶಾರ್ವರಿ ಸಂವತ್ಸರ' ಎಂದಷ್ಟೇ ಇದ್ದರೆ ಅದು 1840-41 ಆಗಬಹುದು, 1900-01 ಆಗಬಹುದು. 60 ವರ್ಷವೆಂದರೆ ಹೆಚ್ಚುಕಡಿಮೆ ಎರಡು ತಲೆಮಾರು. ಅಜ್ಜ ಕೊಂಡ ಹೊಲವನ್ನು ಅದೇ ಹೆಸರಿನ ಮೊಮ್ಮಗನ ತಲೆಗೆ ಕಟ್ಟಲು ಇದಕ್ಕಿಂತ ಒಳ್ಳೆಯ ಸನ್ನಿವೇಶ ಬೇಕೇ? ಶಕವರ್ಷವನ್ನೂ ಬರೆದಿದ್ದರೆ ಬಚಾವ್. ಇಲ್ಲದಿದ್ದರೆ ಮಾಸ, ತಿಥಿ, ವಾರ ಮೂರನ್ನೂ ಹಳೆಯ ಪಂಚಾಂಗದ ಲೆಕ್ಕದೊಂದಿಗೆ ತಾಳೆ ನೋಡಿ. ತಿಥಿಗೂ ವಾರಕ್ಕೂ ಕೂಡಿಬರದ ಇಸವಿ ತಾನಾಗಿಯೇ ಬಿದ್ದುಹೋಗುತ್ತದೆ. ಇಂಗ್ಲಿಷ್ ಕಾಗದಗಳೇನೂ ಸಾಚಾ ಅಲ್ಲ. 1752ಕ್ಕೆ ಮುಂಚೆ ಇಂಗ್ಲೆಂಡಿನಲ್ಲಿ ಕಾನೂನಿನ ಹೊಸ ವರ್ಷ ಶುರುವಾಗುತ್ತಿದ್ದದ್ದು ಮಾರ್ಚ್ 25ಕ್ಕೆ. 1700ರ ಫೆಬ್ರುವರಿ ಎಂದು ಬರೆದ ಪತ್ರ ನಮ್ಮ ಲೆಕ್ಕಕ್ಕೆ 1701ರದ್ದು. ತಂದೆ ಸತ್ತ ಮೇಲೆ ಮಗ ಬರೆದುಕೊಟ್ಟ ಕ್ರಯಪತ್ರ, ತಂದೆ ಸಾಯುವ ಮುಂಚಿನದ್ದಾಗಿ ಕಾಣುವುದು ಹೀಗೆಯೇ. ಅಮೆರಿಕದ ಹಳೆಯ ದಾಖಲೆಗಳಲ್ಲಿ ಹೆಸರಿನ ಮುಂದಿನ ಸೀನಿಯರ್, ಜೂನಿಯರ್ ನೋಡಿ ತಂದೆ-ಮಗ ಎಂದು ಗೆರೆ ಎಳೆಯುವವರಿದ್ದಾರೆ. ಒಂದೇ ಊರಿನ ಒಂದೇ ಹೆಸರಿನ ಇಬ್ಬರಲ್ಲಿ ಹಿರಿಯ, ಕಿರಿಯ ಎಂದು ಗುರುತಿಸಲಷ್ಟೇ ಹಾಗೆ ಬರೆಯುತ್ತಿದ್ದರು. ಚಿಕ್ಕಪ್ಪ-ಅಣ್ಣನ ಮಗ ಆಗಿರಬಹುದು, ನೆಂಟರೇ ಅಲ್ಲದಿರಬಹುದು.

ದಾಖಲೆಯಲ್ಲಿ ಹೆಸರಿದೆ ಎಂದರೆ ಆ ವರ್ಷ ಆಳು ಬದುಕಿದ್ದ ಎಂದೂ ಅಲ್ಲ. ಪೌತಿ ಖಾತೆ ಆಗದೆ, ಎಂದೋ ತೀರಿಕೊಂಡವರ ಹೆಸರಿನಲ್ಲೇ ಉಳಿದ ಪಹಣಿಗಳು ಕರ್ನಾಟಕದಲ್ಲಿ ಇವತ್ತಿಗೂ ಇವೆ. ವರ್ಷ ವರ್ಷವೂ ಹಿಂದಿನ ಪುಸ್ತಕ ನೋಡಿ ಮುಂದಿನದಕ್ಕೆ ಇಳಿಸುವ ಯಾವ ದಾಖಲೆಗೂ ಈ ಗುಣ ಇದ್ದದ್ದೇ. ಖಾತೆ ಬದಲಾವಣೆಯ ನಮೂದು ಕಂದಾಯ ವಸೂಲಿಗಾಗಿ, ಅದರಿಂದ ಮಾಲೀಕತ್ವ ಹುಟ್ಟುವುದೂ ಇಲ್ಲ ಅಳಿಯುವುದೂ ಇಲ್ಲ ಎಂದು ಸುಪ್ರೀಂ ಕೋರ್ಟ್ ಹಲವು ಬಾರಿ ಹೇಳಿದೆ. ಮಾಲೀಕತ್ವಕ್ಕೇ ಸಾಲದ ನಮೂದನ್ನು ರಕ್ತಸಂಬಂಧಕ್ಕೆ ಸಾಕ್ಷಿಯಾಗಿ ನಿಲ್ಲಿಸುವಾಗ ಸ್ವಲ್ಪ ಯೋಚಿಸಬೇಡವೇ? ಸರ್ವೆ ನಂಬರಿನದ್ದೂ ಇದೇ ಪಾಡು. ಹೊಲ ಪೋಡಿಯಾಗಿ, ಅಂದರೆ ಭಾಗವಾಗಿ, ಹಿಸ್ಸೆ ನಂಬರುಗಳು ಬಿದ್ದಿರಬಹುದು, ಮರುಸರ್ವೆಯಲ್ಲಿ ನಂಬರೇ ಬದಲಾಗಿರಬಹುದು. ನಂಬರು ಒಂದೇ ಎಂದಾಕ್ಷಣ ಹೊಲವೂ ಒಂದೇ ಎಂದು ತಿಳಿಯದೆ ವಿಸ್ತೀರ್ಣ, ಆಕಾರ, ನೆರೆಹೊಲಗಳನ್ನು ಕೂಡಿಸಿ ನೋಡಿ.

ಕ್ರಯಪತ್ರಗಳನ್ನು ಓದುವುದೇ ನನಗೆ ಎಲ್ಲಕ್ಕಿಂತ ಇಷ್ಟ, ಏಕೆಂದರೆ ನೆಂಟಸ್ತಿಕೆ ಅವುಗಳಲ್ಲಿ ಅನಾಯಾಸವಾಗಿ ಬಾಯಿಬಿಡುತ್ತದೆ. ಬೆಲೆಯ ಜಾಗದಲ್ಲಿ 'ಪ್ರೀತಿ ವಿಶ್ವಾಸಕ್ಕಾಗಿ' ಎಂದೋ 'ಒಂದು ಡಾಲರಿಗೆ' ಎಂದೋ ಇದ್ದರೆ ಕೊಟ್ಟವರೂ ಪಡೆದವರೂ ಹೆಚ್ಚಾಗಿ ಒಂದೇ ಮನೆಯವರು. ಅಮೆರಿಕದ ಹಳೆಯ ಪತ್ರಗಳಲ್ಲಿ ಹೆಂಡತಿ ತನ್ನ ಹಕ್ಕು ಬಿಟ್ಟುಕೊಟ್ಟ ಸಾಲು ಇರುತ್ತದೆ. ಎಷ್ಟೋ ಹೆಂಗಸರ ಹೆಸರು ಉಳಿದಿರುವುದೇ ಆ ಒಂದು ಸಾಲಿನಲ್ಲಿ. ಒಂದು ಪತ್ರದಲ್ಲಿ ಇದ್ದ ಹೆಂಡತಿಯ ಹೆಸರು ಮುಂದಿನ ಪತ್ರದಲ್ಲಿ ಬೇರೆಯಾಗಿದ್ದರೆ ಮಕ್ಕಳ ತಾಯಿ ಯಾರೆಂದು ಮತ್ತೆ ಹುಡುಕಬೇಕು. ಸಾಕ್ಷಿ ಹಾಕಿದವರ ಹೆಸರನ್ನೂ ಬಿಡಬೇಡಿ. ಬೀಗರು, ಭಾವಮೈದುನರು ಅಲ್ಲೇ ಅಡಗಿರುತ್ತಾರೆ.

ಇಷ್ಟವೆಂದು ಹೇಳಿ ತಕರಾರು ತೆಗೆಯದಿದ್ದರೆ ಹೇಗೆ. ಕಚೇರಿಯ ಪುಸ್ತಕದಲ್ಲಿ ನೀವು ನೋಡುವುದು ಸಾಮಾನ್ಯವಾಗಿ ಗುಮಾಸ್ತನ ನಕಲು. ಮಾರಿದವನ ಸಹಿ, ಹೆಂಡತಿಯ ಸಹಿ, ಸಾಕ್ಷಿಗಳ ಸಹಿ ಎಲ್ಲವೂ ಒಂದೇ ಕೈಬರಹ, ಒಂದೇ ಶಾಯಿ. ಇಂಥ ಎರಡು ಪುಟಗಳ ಸಹಿಯನ್ನು ಪಕ್ಕಪಕ್ಕ ಇಟ್ಟು 'ಒಬ್ಬನೇ ವ್ಯಕ್ತಿ' ಎಂದು ಸಾಧಿಸಿದರೆ ಸಾಧಿಸಿದ್ದು ಒಬ್ಬನೇ ಗುಮಾಸ್ತ ಎಂಬುದನ್ನು ಮಾತ್ರ. ಪತ್ರ ಬರೆದ ದಿನ, ನೋಂದಾಯಿಸಿದ ದಿನ ಬೇರೆ ಬೇರೆ. ನಡುವೆ ಹತ್ತಾರು ವರ್ಷ ಕಳೆದದ್ದೂ ಇದೆ. ಚೆಕ್ಕುಬಂದಿಯಂತೂ ಹಳೆಯ ಪತ್ರದಿಂದ ಹೊಸ ಪತ್ರಕ್ಕೆ ಹಾಗೇ ಇಳಿದು ಬರುತ್ತದೆ. 'ಪೂರ್ವಕ್ಕೆ ಇಂಥವರ ಜಮೀನು' ಎಂದಿರುವಾಗ ಆ ಇಂಥವರು ಸತ್ತು, ಮಕ್ಕಳು ಮಾರಿ, ಕೊಂಡವರೂ ಮಾರಿ ಆಗಿರಬಹುದು. ಕಡಲಾಚೆಯ ಪತ್ರಗಳಲ್ಲಿ 'ಬಿಳಿ ಓಕ್ ಮರದಿಂದ ಹಳ್ಳದವರೆಗೆ' ಎಂದು ಬರುವುದೂ ಇದೇ ಜಾತಿ: ಮರ ಬಿದ್ದು, ಹಳ್ಳ ದಿಕ್ಕು ಬದಲಿಸಿದ ಮೇಲೂ ಕಾಗದದ ಮೇಲೆ ಎರಡೂ ಇದ್ದಲ್ಲೇ ಇರುತ್ತವೆ.

ಹಳೆಯ ನಕ್ಷೆಯನ್ನು ಉಪಗ್ರಹ ಚಿತ್ರದ ಮೇಲೆ ಹೊದಿಸಿ 'ಮುತ್ತಜ್ಜನ ಮನೆ ಸರಿಯಾಗಿ ಇಲ್ಲೇ ಇತ್ತು' ಎನ್ನುವವರಿಗೆ ಒಂದು ಚಿಕ್ಕ ಲೆಕ್ಕ. ಮೈಲಿಗೆ ಒಂದು ಅಂಗುಲದ ನಕ್ಷೆಯಲ್ಲಿ ಅರ್ಧ ಮಿಲಿಮೀಟರ್ ದಪ್ಪದ ಗೆರೆ ನೆಲದ ಮೇಲೆ ಸುಮಾರು 32 ಮೀಟರ್ ಅಗಲ. ಆಸ್ಟ್ರಿಯಾದ ಹಳೆಯ ತೆರಿಗೆ ಸರ್ವೆಯ 1:2880 ನಕ್ಷೆಯಲ್ಲಿ ಅದೇ ಗೆರೆ ಒಂದೂವರೆ ಮೀಟರಿಗೂ ಕಡಿಮೆ. ಮೊದಲನೆಯದರಲ್ಲಿ ಮನೆ ಹುಡುಕಬೇಡಿ, ಎರಡನೆಯದರಲ್ಲಿ ಹುಡುಕಿ. ಕಾಗದವೂ ಕುಗ್ಗುತ್ತದೆ, ಅದೂ ಉದ್ದಕ್ಕೊಂದು ಬಗೆ, ಅಗಲಕ್ಕೊಂದು ಬಗೆ. ಅಚ್ಚಾದ ಅನುಪಾತವನ್ನು ನಂಬದೆ ನಕ್ಷೆಯ ಮೇಲೆ ಎಳೆದ ಅಳತೆಪಟ್ಟಿಯನ್ನು ಬಳಸಿ, ಕಾಗದದ ಜೊತೆ ಅದೂ ಕುಗ್ಗಿರುತ್ತದೆ. ದಿಕ್ಸೂಚಿಯಿಂದ ಬರೆದ ದಿಕ್ಕುಗಳಿದ್ದರೆ ಆ ಕಾಲದ ಕಾಂತೀಯ ಉತ್ತರ ಎಲ್ಲಿತ್ತೆಂದು ನೋಡಬೇಕು. ಲಂಡನ್ನಿನಲ್ಲಿ 1580ರ ಹೊತ್ತಿಗೆ ಮುಳ್ಳು ನಿಜವಾದ ಉತ್ತರಕ್ಕಿಂತ ಸುಮಾರು 11 ಡಿಗ್ರಿ ಪೂರ್ವಕ್ಕಿತ್ತು, 1820ರ ಹೊತ್ತಿಗೆ ಸುಮಾರು 24 ಡಿಗ್ರಿ ಪಶ್ಚಿಮಕ್ಕೆ ವಾಲಿತ್ತು. ಮೂಲೆಯಲ್ಲಿನ ಇಸವಿಯನ್ನೂ ಸುಮ್ಮನೆ ಒಪ್ಪಬೇಡಿ. ಬ್ರಿಟನ್ನಿನ ಸರ್ಕಾರಿ ನಕ್ಷೆ ಸಂಸ್ಥೆಯಾದ ಆರ್ಡ್ನನ್ಸ್ ಸರ್ವೆಯ ಮೊದಲ ಸರಣಿಯ, ಮೈಲಿಗೆ ಒಂದು ಅಂಗುಲದ ಹಾಳೆಗಳನ್ನು ಮತ್ತೆ ಮತ್ತೆ ಅಚ್ಚು ಹಾಕುವಾಗ ಹೊಸ ರೈಲುಹಾದಿಗಳನ್ನು ಸೇರಿಸಿದರು, ಹಳೆಯ ಪ್ರಕಟಣೆಯ ತೇದಿಯನ್ನು ಹಾಗೇ ಬಿಟ್ಟರು. ರೈಲೇ ಇಲ್ಲದ ಇಸವಿಯ ನಕ್ಷೆಯಲ್ಲಿ ರೈಲು ಓಡುತ್ತಿದ್ದರೆ ಉಳಿದ ಯಾವ ಗೆರೆ ಯಾವ ವರ್ಷದ್ದು ಎಂದು ಹೇಗೆ ಹೇಳುತ್ತೀರಿ?

ವಂಶವೃಕ್ಷ ಬರೆಯುವವರಲ್ಲಿ ನನ್ನ ಕೋರಿಕೆ ದೊಡ್ಡದಲ್ಲ. ತಂದೆ-ಮಗ ಎಂದು ಎಳೆದ ಪ್ರತಿ ಗೆರೆಯ ಪಕ್ಕದಲ್ಲಿ ಅದು ಯಾವ ದಾಖಲೆಯಿಂದ ಬಂತು, ಮೂಲವೋ ನಕಲೋ, ಯಾರು ಯಾವ ಕೆಲಸಕ್ಕೆ ಬರೆಸಿದ್ದು ಎಂದು ಒಂದು ಸಾಲು ಬರೆಯಿರಿ. ಒಂದೇ ಪುಸ್ತಕದಿಂದ ಇಳಿದ ಹತ್ತು ನಕಲುಗಳನ್ನು ಹತ್ತು ಸಾಕ್ಷಿಗಳೆಂದು ಎಣಿಸಬೇಡಿ. ಬೇರೆ ಕೈ, ಬೇರೆ ಉದ್ದೇಶದ ಎರಡು ದಾಖಲೆಗಳು ಒಂದೇ ಮಾತು ಹೇಳಿದರೆ ಗೆರೆಯನ್ನು ಗಟ್ಟಿಯಾಗಿ ಎಳೆಯಿರಿ, ಇಲ್ಲದಿದ್ದರೆ ಚುಕ್ಕೆ ಗೆರೆ ಇರಲಿ. ಚುಕ್ಕೆ ಗೆರೆ ಅವಮಾನವಲ್ಲ. ಸಿಗದವರನ್ನು ಸತ್ತರೆಂದೂ ಊರು ಬಿಟ್ಟರೆಂದೂ ಬರೆಯುವ ಮುನ್ನ ಆ ದಾಖಲೆಗೆ ಅಂಥವರ ಹೆಸರು ಬರೆಯುವ ಅಗತ್ಯ ಇತ್ತೇ ಎಂದು ನೋಡಿ. ಇಂಗ್ಲೆಂಡಿನ ಜಮೀನು, ಆಸ್ತಿಗಳನ್ನು ಪಟ್ಟಿ ಮಾಡಿದ 1086ರ ಡೂಮ್ಸ್‌ಡೇ ದಾಖಲೆಯಲ್ಲಿ ರೈತರ ತಲೆ ಎಣಿಸಿದ್ದಾರೆ, ಹೆಸರು ಬರೆದಿಲ್ಲ. ಲಂಡನ್ ನಗರವೇ ಅದರಲ್ಲಿಲ್ಲ.

ಪತ್ರಾಗಾರಗಳ ಅಧಿಕಾರಿಗಳೇ, ಈ ಗೊಂದಲದಲ್ಲಿ ನಿಮ್ಮ ಪಾಲೂ ಇದೆ. ನಕ್ಷೆಯನ್ನು ಸ್ಕ್ಯಾನ್ ಮಾಡುವಾಗ ಅಂಚು ಕತ್ತರಿಸುತ್ತೀರಿ. ಸರ್ವೇಯರನ ಸಹಿ, ಅಳತೆಪಟ್ಟಿ, ಮೊಹರು, ತಿದ್ದುಪಡಿಯ ಟಿಪ್ಪಣಿ ಇರುವುದು ಅಲ್ಲೇ. ಹಿಂಬದಿಯನ್ನು ಬಿಡುತ್ತೀರಿ. ತೆರಿಗೆಗಾಗಿ ಐರ್ಲೆಂಡಿನ ನೆಲ, ಮನೆಗಳಿಗೆ ಬೆಲೆ ಕಟ್ಟಿದ ಗ್ರಿಫಿತ್ ಮೌಲ್ಯಮಾಪನದ ನಂತರದ ಪರಿಷ್ಕರಣೆ ಪುಸ್ತಕಗಳಲ್ಲಿ ವರ್ಷ ವರ್ಷದ ಬದಲಾವಣೆಯನ್ನು ಬೇರೆ ಬೇರೆ ಬಣ್ಣದ ಶಾಯಿಯಲ್ಲಿ ಬರೆದಿದ್ದಾರೆ. ಅಂಥದ್ದನ್ನು ಕಪ್ಪು-ಬಿಳುಪಿನಲ್ಲಿ ತೆಗೆದರೆ ಯಾವ ಹೆಸರು ಯಾವ ವರ್ಷ ಹೋಯಿತು, ಯಾವುದು ಬಂತು ಎಂಬುದು ಅಳಿಸಿಹೋಗುತ್ತದೆ. ಎಲ್ಲಕ್ಕಿಂತ ಹೆಚ್ಚಾಗಿ, ನಕ್ಷೆಯನ್ನು ಒಂದು ಕಡೆ, ಅದರ ಪಟ್ಟಿಯನ್ನು ಇನ್ನೊಂದು ಕಡೆ ಇಟ್ಟು ಎರಡಕ್ಕೂ ಕೊಂಡಿಯೇ ಇಲ್ಲದಂತೆ ಮಾಡುತ್ತೀರಿ. ನಂಬರಿರುವ ನಕ್ಷೆಗೆ ಆ ನಂಬರಿನ ಪಟ್ಟಿ ಜೊತೆಗಿಲ್ಲದಿದ್ದರೆ ಜನ ಕೈಗೆ ಸಿಕ್ಕ ಬೇರೆ ಯಾವುದೋ ಪಟ್ಟಿಯನ್ನು ಅದಕ್ಕೆ ಅಂಟಿಸುತ್ತಾರೆ. ಪೂರ್ತಿ ಹಾಳೆ, ಎರಡೂ ಬದಿ, ಬಣ್ಣದಲ್ಲಿ, ಪಟ್ಟಿಯೊಂದಿಗೆ. ಅಳೆದ ವರ್ಷ, ಅಚ್ಚಾದ ವರ್ಷ, ತಿದ್ದಿದ ವರ್ಷ ಬೇರೆ ಬೇರೆಯಾಗಿ ವಿವರಣೆಯಲ್ಲಿ. ಇಷ್ಟನ್ನು ಇನ್ನು ಮುಂದೆ ಸ್ಕ್ಯಾನ್ ಮಾಡುವ ಹಾಳೆಗಳಿಗಾದರೂ ಕಡ್ಡಾಯ ಮಾಡಬೇಕೆಂದು ಕೇಳಿಕೊಳ್ಳುತ್ತೇನೆ. ಈಗಾಗಲೇ ಅಂಚು ಕತ್ತರಿಸಿ ಹಾಕಿರುವವುಗಳ ಮೇಲೆ 'ಇದು ಪೂರ್ಣ ಹಾಳೆಯಲ್ಲ' ಎಂದು ಒಂದು ಸಾಲು ಸೇರಿಸಲು ಹೆಚ್ಚು ಹೊತ್ತು ಬೇಕಾಗಲಾರದು.

ಇತಿ,
ಹಳೆಯ ಕಾಗದ ಓದುವ ಒಬ್ಬರು